ಟರ್ಮಿನಲ್‌ನಿಂದ ಇಮೇಲ್ ತಡೆ ಪಟ್ಟಿ, ಒಪ್ಪಿಗೆ ಪಟ್ಟಿ: ಯಾವ ಸರ್ವರ್‌ಗೆ ಯಾವ ದಾರಿ

ಕಾಲೇಜು, ಸಹಕಾರ ಸಂಘ, ಸಣ್ಣ ಕಂಪನಿ, ಎಲ್ಲೇ ಆಗಲಿ, ಮೇಲ್ ಸರ್ವರ್ ನೋಡಿಕೊಳ್ಳುವವರ ಬಳಿಗೆ ಮತ್ತೆ ಮತ್ತೆ ಬರುವ ಬೇಡಿಕೆಗಳು ಎರಡೇ. ‘ಇವರ ಮೇಲ್ ಬರದ ಹಾಗೆ ಮಾಡಿ’, ‘ಅವರ ಮೇಲ್ ಸ್ಪ್ಯಾಮ್‌ಗೆ ಹೋಗದ ಹಾಗೆ ಮಾಡಿ’. ಒಂದು ಖಾತೆಯಾದರೆ ಬ್ರೌಸರಿನಲ್ಲಿ ಕ್ಲಿಕ್ ಮಾಡಿ ಮುಗಿಸಬಹುದು. ಇನ್ನೂರು ಖಾತೆಗಳಿದ್ದಾಗ, ಯಾರು ಯಾವಾಗ ಏಕೆ ಸೇರಿಸಿದರು ಎಂದು ಆರು ತಿಂಗಳ ನಂತರ ಹೇಳಬೇಕಾದಾಗ, ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾದಾಗ ಟರ್ಮಿನಲ್ಲೇ ಬೇಕು.

ಎರಡು ಬೇಡಿಕೆಗಳೂ ಒಂದೇ ಬಗೆಯವಾಗಿ ಕಂಡರೂ ಅವುಗಳ ಅಪಾಯ ಒಂದೇ ಅಲ್ಲ. ತಡೆ ಪಟ್ಟಿಯಲ್ಲಿ ತಪ್ಪಾದರೆ ಬರಬೇಕಾದ ಪತ್ರ ಬರುವುದಿಲ್ಲ. ಯಾರಾದರೂ ಫೋನ್ ಮಾಡಿ ಕೇಳುತ್ತಾರೆ, ಸರಿಪಡಿಸುತ್ತೀರಿ. ಒಪ್ಪಿಗೆ ಪಟ್ಟಿಯಲ್ಲಿ ತಪ್ಪಾದರೆ ಮೋಸದ ಪತ್ರವೊಂದು ತಪಾಸಣೆಯೇ ಇಲ್ಲದೆ ಲೆಕ್ಕಪತ್ರ ವಿಭಾಗದ ಇನ್‌ಬಾಕ್ಸಿಗೆ ಬಂದು ಬೀಳುತ್ತದೆ. ಹಣ ಹೋಗುವವರೆಗೆ ಅದು ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಈ ಹೋಲಿಕೆಯಲ್ಲಿ ಪ್ರತಿಯೊಂದು ಸಾಧನಕ್ಕೂ ನಾನು ಹಾಕುವ ಮೊದಲ ಪ್ರಶ್ನೆ ವೇಗದ್ದಲ್ಲ, ಸೌಕರ್ಯದ್ದೂ ಅಲ್ಲ: ನೀವು ಒಪ್ಪಿದ ಹೆಸರನ್ನು ಬೇರೆಯವನು ಹಾಕಿಕೊಂಡು ಬಂದರೆ ಇದಕ್ಕೆ ಗೊತ್ತಾಗುತ್ತದೆಯೇ?

ಕಮಾಂಡುಗಳ ಹೆಸರನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪಿಸುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು. ನಿಖರ ಕಾಗುಣಿತಕ್ಕೆ ಆಯಾ ಸಾಧನದ ಮ್ಯಾನ್ ಪುಟವನ್ನು (ಟರ್ಮಿನಲ್‌ನಲ್ಲೇ ತೆರೆಯುವ ಕೈಪಿಡಿಯನ್ನು) ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ.

ಮೊದಲು ನೋಡಬೇಕಾದದ್ದು: ಯಾವ ವಿಳಾಸ?

ಸರ್ವರ್‌ಗಳು ಮೇಲ್ ಸಾಗಿಸುವ ನಿಯಮಾವಳಿಯಾದ ಎಸ್‌ಎಂಟಿಪಿ ಪ್ರಕಟವಾದ 1982ರಿಂದಲೂ ಕಳುಹಿಸಿದವರ ವಿಳಾಸ ಎರಡು ಕಡೆ ಇರುತ್ತದೆ. ಸರ್ವರ್‌ಗಳು ಪರಸ್ಪರ ಮಾತಾಡುವಾಗ ‘ಮೇಲ್ ಫ್ರಮ್’ ಎಂದು ಹೇಳುವುದು ಲಕೋಟೆಯ ಮೇಲಿನ ವಿಳಾಸ. ಪತ್ರದೊಳಗಿನ ‘ಫ್ರಮ್’ ಸಾಲಿನಲ್ಲಿರುವುದು ಓದುಗರ ಕಣ್ಣಿಗೆ ಬೀಳುವ ವಿಳಾಸ. ಎರಡೂ ಒಂದೇ ಆಗಿರಬೇಕೆಂದು ಎಸ್‌ಎಂಟಿಪಿ ಎಲ್ಲಿಯೂ ಒತ್ತಾಯಿಸುವುದಿಲ್ಲ.

ಜಾಹೀರಾತು ಪತ್ರಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಓದುವವರಿಗೆ ಕಾಣುವುದು ಅಂಗಡಿಯೊಂದರ ‘ಆಫರ್ಸ್’ ವಿಳಾಸ. ಸರ್ವರ್ ಲಾಗ್‌ನಲ್ಲಿ ನೋಡಿದರೆ ‘ಬೌನ್ಸ್’ ಎಂದು ಶುರುವಾಗಿ ಉದ್ದನೆಯ ಅಂಕಿಗಳನ್ನು ಹೊತ್ತ ಬೇರೆಯೇ ವಿಳಾಸ ಇರುತ್ತದೆ, ಅದೂ ಪ್ರತಿ ಪತ್ರಕ್ಕೆ ಒಂದೊಂದು. ಯಾವ ಪತ್ರ ಯಾರಿಗೆ ತಲುಪಲಿಲ್ಲ ಎಂಬ ಲೆಕ್ಕ ಇಡಲು ಕಳುಹಿಸುವವರು ಮಾಡಿಕೊಂಡ ಏರ್ಪಾಡು ಅದು. ಲಕೋಟೆಯನ್ನಷ್ಟೇ ನೋಡುವ ಸಾಧನದಲ್ಲಿ ‘ಆಫರ್ಸ್’ ವಿಳಾಸವನ್ನು ತಡೆದರೆ ಏನೂ ಆಗುವುದಿಲ್ಲ. ಬೇಸತ್ತು ಲಕೋಟೆಯ ಡೊಮೇನನ್ನೇ ತಡೆದಿರೋ, ಇನ್ನೊಂದು ಕಷ್ಟ. ಅಮೆಜಾನ್‌ನ ಎಸ್‌ಇಎಸ್ ಸೇವೆ, ಗ್ರಾಹಕರು ತಮ್ಮದೇ ವಿಳಾಸ ಹೊಂದಿಸಿಕೊಳ್ಳದಿದ್ದರೆ, ಲಕೋಟೆಯ ಮೇಲೆ ತನ್ನದೇ ಅಮೆಜಾನ್‌ಎಸ್‌ಇಎಸ್ ಉಪಡೊಮೇನನ್ನು ಹಾಕುತ್ತದೆ. ಅದನ್ನು ತಡೆದರೆ ಜಾಹೀರಾತಿನ ಜೊತೆಗೆ ಅದೇ ಸೇವೆ ಬಳಸುವ ಬಿಲ್ಲು, ರಸೀದಿ, ಒಟಿಪಿಗಳೂ ಬಾಗಿಲಲ್ಲೇ ನಿಲ್ಲುತ್ತವೆ.

ಹಾಗಾಗಿ ಯಾವ ಪಟ್ಟಿಗೆ ಕೈ ಹಾಕುವ ಮುನ್ನವೂ ಪತ್ರದ ಮೂಲ ಪಠ್ಯವನ್ನು ತೆರೆದು ಲಕೋಟೆಯ ವಿಳಾಸ ಇರುವ ‘ರಿಟರ್ನ್ ಪಾತ್’ ಸಾಲನ್ನೂ ‘ಫ್ರಮ್’ ಸಾಲನ್ನೂ ಒಟ್ಟಿಗೆ ನೋಡಿ. ಕಳುಹಿಸಿದವರ ಹೆಸರು ಸಾಚಾವೇ ಎಂದು ನೋಡುವ ಪರೀಕ್ಷೆಗಳು ಮೂರು: ಎಸ್‌ಪಿಎಫ್ ಲಕೋಟೆಯ ಡೊಮೇನನ್ನು ಪರೀಕ್ಷಿಸುತ್ತದೆ, ಡಿಕಿಮ್ ಪತ್ರದ ಮೇಲಿನ ಸಹಿಯನ್ನು ಪರೀಕ್ಷಿಸುತ್ತದೆ, ಡಿಮಾರ್ಕ್ ಆ ಎರಡರಲ್ಲಿ ಒಂದಾದರೂ ‘ಫ್ರಮ್’ ಸಾಲಿನ ಡೊಮೇನಿಗೆ ತಾಳೆಯಾಗುತ್ತದೆಯೇ ಎಂದು ನೋಡುತ್ತದೆ. ಮುಂದಿನ ಆಯ್ಕೆಗಳೆಲ್ಲ ಇದರ ಮೇಲೆ ನಿಂತಿವೆ.

ಪೋಸ್ಟ್‌ಫಿಕ್ಸ್: ತಡೆಯುವುದಕ್ಕೆ ಉತ್ತಮ, ಒಪ್ಪುವುದಕ್ಕೆ ಬೇಡ

ನಿಮ್ಮದೇ ಲಿನಕ್ಸ್ ಸರ್ವರ್ ಇದ್ದರೆ ಮೇಲ್ ತೆಗೆದುಕೊಂಡು ಕಳುಹಿಸುವ ಪೋಸ್ಟ್‌ಫಿಕ್ಸ್ ತಂತ್ರಾಂಶ ಇರುವ ಸಾಧ್ಯತೆ ಹೆಚ್ಚು. ಇಲ್ಲಿ ಪಟ್ಟಿ ಎಂದರೆ ಒಂದು ಸಾದಾ ಪಠ್ಯ ಫೈಲ್: ಎಡಗಡೆ ವಿಳಾಸ ಅಥವಾ ಡೊಮೇನು, ಬಲಗಡೆ ಏನು ಮಾಡಬೇಕೆಂಬ ಪದ. ‘ರಿಜೆಕ್ಟ್’ ಎಂದರೆ ಬಾಗಿಲಲ್ಲೇ ವಾಪಸ್, ‘ಡಿಸ್ಕಾರ್ಡ್’ ಎಂದರೆ ತೆಗೆದುಕೊಂಡಂತೆ ನಟಿಸಿ ಎಸೆಯುವುದು, ‘ಹೋಲ್ಡ್’ ಎಂದರೆ ಸರದಿಯಲ್ಲಿ ತಡೆದಿಡುವುದು, ‘ಓಕೆ’ ಎಂದರೆ ಒಪ್ಪುವುದು. ಫೈಲನ್ನು ಉಳಿಸಿದ ಮೇಲೆ ಪೋಸ್ಟ್‌ಮ್ಯಾಪ್ ಕಮಾಂಡ್ ಓಡಿಸಿ ಡೇಟಾಬೇಸ್ ಮಾಡಬೇಕು. ಇದನ್ನು ಮರೆತರೆ ಪಟ್ಟಿ ಹಳೆಯದೇ ಉಳಿಯುತ್ತದೆ; ಮೂಲ ಫೈಲಿಗಿಂತ ಡೇಟಾಬೇಸ್ ಹಳೆಯದು ಎಂದು ಲಾಗ್‌ನಲ್ಲಿ ಒಂದು ಎಚ್ಚರಿಕೆ ಮಾತ್ರ ಬರುತ್ತದೆ. ಪಟ್ಟಿ ಚಿಕ್ಕದಾಗಿದ್ದರೆ ‘ಹ್ಯಾಶ್’ ಬದಲು ‘ಟೆಕ್ಸ್ಟ್‌ಹ್ಯಾಶ್’ ಎಂದು ಬರೆದರೆ ಪೋಸ್ಟ್‌ಮ್ಯಾಪ್ ಬೇಕಾಗುವುದಿಲ್ಲ, ಆದರೆ ಪ್ರತಿ ಬದಲಾವಣೆಗೂ ಪೋಸ್ಟ್‌ಫಿಕ್ಸ್ ರೀಲೋಡ್ ಮಾಡಬೇಕು.

ನನಗೆ ಪೋಸ್ಟ್‌ಫಿಕ್ಸ್ ಇಷ್ಟವಾಗುವುದು ಪರೀಕ್ಷೆಯ ವಿಷಯದಲ್ಲಿ. ಪೋಸ್ಟ್‌ಮ್ಯಾಪ್‌ಗೆ ಹೈಫನ್ ಕ್ಯೂ ಕೊಟ್ಟು, ಒಂದು ವಿಳಾಸವನ್ನೂ ಪಟ್ಟಿಯ ಹೆಸರನ್ನೂ ಬರೆದರೆ ಆ ವಿಳಾಸಕ್ಕೆ ಏನು ಉತ್ತರ ಎಂದು ತಕ್ಷಣ ಹೇಳುತ್ತದೆ. ಒಂದು ಸೂಕ್ಷ್ಮ ಮಾತ್ರ ನೆನಪಿರಲಿ: ಈ ಕಮಾಂಡ್ ನೀವು ಕೊಟ್ಟ ಪದವನ್ನು ಇದ್ದ ಹಾಗೆಯೇ ಹುಡುಕುತ್ತದೆ. ಮೇಲ್ ಬಂದಾಗ ಪೋಸ್ಟ್‌ಫಿಕ್ಸ್ ಮೊದಲು ಪೂರ್ಣ ವಿಳಾಸವನ್ನು, ಸಿಗದಿದ್ದರೆ ಡೊಮೇನನ್ನು, ಆಮೇಲೆ ಮೇಲಿನ ಡೊಮೇನನ್ನು ಹೀಗೆ ಒಂದೊಂದಾಗಿ ಹುಡುಕುತ್ತದೆ. ಡೊಮೇನನ್ನು ತಡೆದಿದ್ದರೆ ಪರೀಕ್ಷೆಯಲ್ಲೂ ಡೊಮೇನನ್ನೇ ಕೊಡಿ.

ತಡೆಯುವಾಗ ‘ಡಿಸ್ಕಾರ್ಡ್’ ಬದಲು ‘ರಿಜೆಕ್ಟ್’ ಬಳಸಿ ಎಂದು ಬಲವಾಗಿ ಹೇಳುತ್ತೇನೆ. ರಿಜೆಕ್ಟ್ ಮಾಡಿದಾಗ ಆಚೆಯ ಸರ್ವರ್‌ಗೆ 554 ಸಂಖ್ಯೆಯ ಉತ್ತರ ಹೋಗುತ್ತದೆ. ನಿಜವಾದ ಮನುಷ್ಯರೊಬ್ಬರು ತಪ್ಪಾಗಿ ಸಿಕ್ಕಿಕೊಂಡಿದ್ದರೆ ಅವರ ಪತ್ರ ತಲುಪಿಲ್ಲವೆಂದು ಅವರಿಗೆ ಗೊತ್ತಾಗುತ್ತದೆ, ಬೇರೆ ದಾರಿ ಹುಡುಕುತ್ತಾರೆ. ಡಿಸ್ಕಾರ್ಡ್ ಮಾಡಿದರೆ ಇಬ್ಬರಿಗೂ ಗೊತ್ತಾಗುವುದಿಲ್ಲ. ಪ್ರವೇಶ ಅರ್ಜಿಯೋ ಟೆಂಡರ್ ಪ್ರಶ್ನೆಯೋ ಹಾಗೆ ಕಳೆದುಹೋದರೆ ಅದಕ್ಕೆ ಪರಿಹಾರವಿಲ್ಲ.

ಒಪ್ಪಿಗೆ ಪಟ್ಟಿಯನ್ನು ಪೋಸ್ಟ್‌ಫಿಕ್ಸ್‌ನಲ್ಲಿ ಇಡಬೇಡಿ ಎನ್ನುವುದಕ್ಕೆ ಕಾರಣಗಳಿವೆ. ಇದು ನೋಡುವುದು ಲಕೋಟೆಯ ವಿಳಾಸ, ಅದು ಸಾಚಾವೇ ಎಂದು ಕೇಳುವುದಿಲ್ಲ. ‘ಓಕೆ’ ಎಂದರೆ ಆ ಒಂದು ನಿರ್ಬಂಧಗಳ ಪಟ್ಟಿಯಲ್ಲಿ ಮುಂದಿನ ಪರೀಕ್ಷೆಗಳು ಬೇಡ ಎಂದಷ್ಟೇ. ಅದರಾಚೆ ಕೂತಿರುವ ಸ್ಪ್ಯಾಮ್ ಫಿಲ್ಟರ್‌ಗೆ ಇದರ ಸುದ್ದಿಯೇ ಇರುವುದಿಲ್ಲ. ‘ಓಕೆ ಹಾಕಿದರೂ ಪತ್ರ ಜಂಕ್‌ಗೆ ಹೋಗುತ್ತಿದೆ’ ಎಂಬ ದೂರಿಗೆ ಕಾರಣ ಸಾಮಾನ್ಯವಾಗಿ ಇದೇ. ಇನ್ನೂ ಗಂಭೀರವಾದದ್ದು ಹಳೆಯ ಸಂರಚನೆಗಳದು. ಸ್ವೀಕರಿಸುವವರ ನಿರ್ಬಂಧಗಳಲ್ಲಿ, ರಿಲೇ (ಹೊರಗಿನವರ ಮೇಲನ್ನು ಹೊರಗಿನವರಿಗೇ ದಾಟಿಸುವುದು) ತಡೆಯುವ ಸಾಲಿಗಿಂತ ಮೇಲೆ ಇಂಥ ಓಕೆ ಇದ್ದರೆ, ಆ ವಿಳಾಸ ಹಾಕಿಕೊಂಡವನು ನಿಮ್ಮ ಸರ್ವರ್ ಮೂಲಕ ಜಗತ್ತಿಗೆಲ್ಲ ಸ್ಪ್ಯಾಮ್ ಕಳುಹಿಸಬಹುದಿತ್ತು. 2013ರಲ್ಲಿ ಬಂದ 2.10ನೇ ಆವೃತ್ತಿ ರಿಲೇ ನಿರ್ಬಂಧಗಳಿಗೆ ಪ್ರತ್ಯೇಕ ಪಟ್ಟಿ ಕೊಟ್ಟದ್ದು ಈ ಕಾರಣಕ್ಕೇ. ಹಳೆಯ ಫೈಲನ್ನು ನಕಲು ಮಾಡಿಕೊಂಡು ಬಂದಿರುವವರು ಇಂದೇ ಸಂರಚನೆಯನ್ನು ತೋರಿಸುವ ಪೋಸ್ಟ್‌ಕಾನ್ಫ್ ಓಡಿಸಿ ನೋಡಿ.

ಕಪ್ಪು ಪಟ್ಟಿಗೆ ಸಿಕ್ಕಿದ ಐಪಿಯಿಂದ ಬರುವ ಪಾಲುದಾರ ಸಂಸ್ಥೆಯ ಮೇಲನ್ನು ಬಾಗಿಲಲ್ಲೇ ಒಪ್ಪಬೇಕಾಗಿ ಬಂದರೆ, ಕಳುಹಿಸುವವರ ವಿಳಾಸದ ಬದಲು ಅವರ ಸರ್ವರಿನ ಐಪಿಯನ್ನು ಕ್ಲೈಂಟ್ ಆಕ್ಸೆಸ್ ಪಟ್ಟಿಯಲ್ಲಿ ಒಪ್ಪಿ. ವಿಳಾಸವನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ಟಿಸಿಪಿ ಸಂಪರ್ಕದ ಐಪಿಯನ್ನು ಹಾಗೆ ಬರೆದುಕೊಳ್ಳಲಾಗದು.

ಸ್ಪ್ಯಾಮ್‌ಅಸಾಸಿನ್ ಮತ್ತು ಆರ್‌ಸ್ಪ್ಯಾಮ್‌ಡಿ: ಒಪ್ಪಿಗೆಯ ಜಾಗ ಇದು

ಸ್ಪ್ಯಾಮ್‌ಅಸಾಸಿನ್ ಎಂಬ ಸ್ಪ್ಯಾಮ್ ಫಿಲ್ಟರ್ 2001ರಿಂದ ಇದೆ, ಅದರ ನಡವಳಿಕೆ ಎಲ್ಲರಿಗೂ ಪರಿಚಿತ. ಪತ್ರಕ್ಕೆ ಅಂಕ ಕೊಡುತ್ತದೆ, ಐದು ಮುಟ್ಟಿದರೆ ಸ್ಪ್ಯಾಮ್ ಎನ್ನುತ್ತದೆ. ‘ವೈಟ್‌ಲಿಸ್ಟ್ ಫ್ರಮ್’ ಸಾಲಿಗೆ ಸಿಕ್ಕಿದ ಪತ್ರಕ್ಕೆ ಮೈನಸ್ 100, ‘ಬ್ಲ್ಯಾಕ್‌ಲಿಸ್ಟ್ ಫ್ರಮ್’ ಸಾಲಿಗೆ ಸಿಕ್ಕಿದ್ದಕ್ಕೆ ಪ್ಲಸ್ 100. 2022ರ ಕೊನೆಗೆ ಬಂದ 4.0 ಆವೃತ್ತಿಯಲ್ಲಿ ಇವು ‘ವೆಲ್‌ಕಮ್‌ಲಿಸ್ಟ್’, ‘ಬ್ಲಾಕ್‌ಲಿಸ್ಟ್’ ಎಂದಾಗಿವೆ.

ಮೈನಸ್ 100 ಎಂದರೆ ಉಳಿದ ಯಾವ ಪರೀಕ್ಷೆಯೂ ಲೆಕ್ಕಕ್ಕಿಲ್ಲ. ‘ವೈಟ್‌ಲಿಸ್ಟ್ ಫ್ರಮ್’ ಪತ್ರದ ಮೇಲೆ ಬರೆದ ಹೆಸರನ್ನು ಹಾಗೆಯೇ ನಂಬುತ್ತದೆ. ಬಹಳ ಸರ್ವರುಗಳಲ್ಲಿ ಇದರ ಮೊದಲ ಸಾಲು ಸಂಸ್ಥೆಯ ಸ್ವಂತ ಡೊಮೇನೇ ಆಗಿರುತ್ತದೆ. ನಮ್ಮವರ ಮೇಲ್ ನಮಗೆ ಸ್ಪ್ಯಾಮ್ ಆಗಬಾರದಲ್ಲ ಎಂಬ ಯೋಚನೆ. ಮೋಸಗಾರ ಮೊದಲು ಹಾಕಿಕೊಳ್ಳುವ ಹೆಸರೂ ಅದೇ: ಪ್ರಾಂಶುಪಾಲರದು, ಕಾರ್ಯದರ್ಶಿಗಳದು, ಎಂಡಿ ಅವರದು. ಆ ಸಾಲು ಕಂಡರೆ ತೆಗೆದುಹಾಕಿ. ಅದರ ಜಾಗಕ್ಕೆ ಇರುವುದೇ ‘ವೈಟ್‌ಲಿಸ್ಟ್ ಆಥ್’. ಇದು ಎಸ್‌ಪಿಎಫ್ ಅಥವಾ ಡಿಕಿಮ್ ಸರಿ ಎಂದು ತಿಳಿದ ಮೇಲೆ ಮಾತ್ರ ಒಪ್ಪುತ್ತದೆ. ಬರೆಯುವ ಶ್ರಮ ಅಷ್ಟೇ, ರಕ್ಷಣೆ ಹಲವು ಪಟ್ಟು.

ಟರ್ಮಿನಲ್ ಬಳಸುವವರು ಎಡವುವ ಇನ್ನೊಂದು ಜಾಗ ಇಲ್ಲಿದೆ. ಸ್ಪ್ಯಾಮ್‌ಅಸಾಸಿನ್ ಕಮಾಂಡಿಗೇ ‘ಆ್ಯಡ್ ಅಡ್ರೆಸ್ ಟು ವೈಟ್‌ಲಿಸ್ಟ್’ ಎಂಬ ಆಯ್ಕೆ ಇದೆ. ಹೆಸರು ನೋಡಿ ಇದೇ ಬೇಕಾದದ್ದು ಎನಿಸುತ್ತದೆ. ಆದರೆ ಅದು ಬರೆಯುವುದು ಸಂರಚನಾ ಫೈಲಿಗಲ್ಲ. ಕಳುಹಿಸಿದವರ ಹಿಂದಿನ ಪತ್ರಗಳ ಸರಾಸರಿ ಅಂಕ ಇಟ್ಟುಕೊಳ್ಳುವ ಬೇರೆಯೇ ಡೇಟಾಬೇಸಿಗೆ. ಆ ಪ್ಲಗಿನ್ ಚಾಲೂ ಇಲ್ಲದಿದ್ದರೆ ಸೇರಿಸಿಯೂ ಪ್ರಯೋಜನವಿಲ್ಲ. ಖಚಿತ ಪಟ್ಟಿ ಬೇಕೆಂದರೆ ಫೈಲಿಗೇ ಬರೆಯಿರಿ, ‘ಲಿಂಟ್’ ಆಯ್ಕೆಯಿಂದ ತಪ್ಪು ನೋಡಿ, ಒಂದು ಹಳೆಯ ಪತ್ರವನ್ನು ಹೈಫನ್ ಟಿ ಜೊತೆಗೆ ಕೊಟ್ಟು ಯಾವ ನಿಯಮಕ್ಕೆ ಎಷ್ಟು ಅಂಕ ಬಂತೆಂದು ಓದಿ. ಇಡೀ ಸರ್ವರಿನ ಫೈಲನ್ನು ಬದಲಿಸಿದ್ದರೆ ಸ್ಪ್ಯಾಮ್‌ಡಿ ಸೇವೆಯನ್ನೂ ರೀಸ್ಟಾರ್ಟ್ ಮಾಡಬೇಕು.

ಹೊಸದಾಗಿ ಕಟ್ಟುವವರಿಗೆ ನಾನು ಹೇಳುವುದು ಆರ್‌ಸ್ಪ್ಯಾಮ್‌ಡಿ ಎಂಬ ಇನ್ನೊಂದು ಸ್ಪ್ಯಾಮ್ ಫಿಲ್ಟರ್. ಇದರ ಮಲ್ಟಿಮ್ಯಾಪ್ ಮಾಡ್ಯೂಲಿನಲ್ಲಿ ಪಟ್ಟಿ ಒಂದು ಪಠ್ಯ ಫೈಲ್; ಒಂದು ಸಾಲು ಸೇರಿಸಿ ಉಳಿಸಿದರೆ ಸ್ವಲ್ಪ ಹೊತ್ತಿನಲ್ಲಿ ತಾನೇ ಓದಿಕೊಳ್ಳುತ್ತದೆ, ರೀಸ್ಟಾರ್ಟ್ ಬೇಡ. ಸ್ಕ್ರಿಪ್ಟಿನಿಂದ ಪಟ್ಟಿ ನಿರ್ವಹಿಸುವವರಿಗೆ ಇದೇ ದೊಡ್ಡ ಅನುಕೂಲ. ಲಕೋಟೆಯನ್ನು ನೋಡಬೇಕೋ, ಫ್ರಮ್ ಸಾಲನ್ನು ನೋಡಬೇಕೋ, ಎರಡನ್ನೂ ನೋಡಬೇಕೋ ಎಂದು ಪ್ರತಿ ಪಟ್ಟಿಗೂ ಬೇರೆ ಬೇರೆಯಾಗಿ ಹೇಳಬಹುದು. ಮೇಲೆ ಹೇಳಿದ ‘ಆಫರ್ಸ್’ ಪತ್ರವನ್ನು ಪೋಸ್ಟ್‌ಫಿಕ್ಸ್ ಪಟ್ಟಿಗಿಂತ ಇಲ್ಲಿ ಹಿಡಿಯುವುದು ಸುಲಭ. ಮಿಲ್ಟರ್ ಆಗಿ, ಅಂದರೆ ಮೇಲ್ ಬರುತ್ತಿರುವಾಗಲೇ ಪರೀಕ್ಷಿಸುವಂತೆ, ಮೇಲ್ ಸರ್ವರ್‌ಗೆ ಜೋಡಿಸಿದ್ದರೆ ಎಸ್‌ಎಂಟಿಪಿ ಮಾತುಕತೆ ಮುಗಿಯುವ ಮೊದಲೇ ತಿರಸ್ಕರಿಸುತ್ತದೆ, ಆದ್ದರಿಂದ ರಿಜೆಕ್ಟಿನ ಒಳ್ಳೆಯತನವೂ ಉಳಿಯುತ್ತದೆ.

ಒಪ್ಪಿಗೆಗೆ ಮಲ್ಟಿಮ್ಯಾಪ್ ಬದಲು ಇದರ ವೈಟ್‌ಲಿಸ್ಟ್ ಮಾಡ್ಯೂಲ್ ಬಳಸಿ. ಎಸ್‌ಪಿಎಫ್ ಸರಿಯಿರಬೇಕು, ಡಿಕಿಮ್ ಸರಿಯಿರಬೇಕು, ಡಿಮಾರ್ಕ್ ಸರಿಯಿರಬೇಕು ಎಂದು ಷರತ್ತು ಹಾಕಿ ಡೊಮೇನುಗಳನ್ನು ಕೊಡಬಹುದು. ‘ಸ್ಟ್ರಿಕ್ಟ್’ ಎಂದು ಸೇರಿಸಿದರೆ ಷರತ್ತು ಪಾಲಿಸಿದ ಪತ್ರಕ್ಕೆ ರಿಯಾಯಿತಿ, ಪಾಲಿಸದೆ ಅದೇ ಹೆಸರಿನಲ್ಲಿ ಬಂದ ಪತ್ರಕ್ಕೆ ದಂಡ. ನಿಮ್ಮ ಬ್ಯಾಂಕಿನ, ವಿಶ್ವವಿದ್ಯಾಲಯದ, ಸ್ವಂತ ಸಂಸ್ಥೆಯ ಡೊಮೇನುಗಳು ಇರಬೇಕಾದದ್ದು ಈ ಪಟ್ಟಿಯಲ್ಲಿ. ಬದಲಾವಣೆಯ ನಂತರ ಆರ್‌ಸ್ಪ್ಯಾಮ್‌ಎಡಿಎಂನ ‘ಕಾನ್ಫಿಗ್‌ಟೆಸ್ಟ್’ ಓಡಿಸಿ. ಆಮೇಲೆ ಆರ್‌ಸ್ಪ್ಯಾಮ್‌ಸಿಗೆ ಒಂದು ಪತ್ರ ಕೊಟ್ಟರೆ ಯಾವ ಗುರುತು ಹತ್ತಿತು ಎಂದು ತೋರಿಸುತ್ತದೆ. ಹಳೆಯ ಸ್ಪ್ಯಾಮ್‌ಅಸಾಸಿನ್ ಸರ್ವರ್ ಚೆನ್ನಾಗಿ ನಡೆಯುತ್ತಿದ್ದರೆ ಪಟ್ಟಿಗಾಗಿ ಮಾತ್ರ ಬದಲಿಸುವ ಅಗತ್ಯವಿಲ್ಲ. ‘ವೈಟ್‌ಲಿಸ್ಟ್ ಆಥ್’ ಸಾಕು.

ಸೀವ್: ಒಬ್ಬೊಬ್ಬರ ಇಷ್ಟಕ್ಕೆ

‘ನನಗೆ ಮಾತ್ರ ಇವರ ಮೇಲ್ ಬೇಡ’ ಎಂಬ ಬೇಡಿಕೆಯನ್ನು ಇಡೀ ಸರ್ವರಿನ ಪಟ್ಟಿಗೆ ಸೇರಿಸುವುದು ತಪ್ಪು. ಒಬ್ಬರಿಗೆ ಕಿರಿಕಿರಿಯಾದ ಪುಸ್ತಕ ಪ್ರಕಾಶಕರ ಮೇಲ್ ಗ್ರಂಥಪಾಲಕರಿಗೆ ಬೇಕಾಗಿರುತ್ತದೆ. ಬಳಕೆದಾರರ ಮೇಲ್‌ಬಾಕ್ಸ್‌ಗಳನ್ನು ನೋಡಿಕೊಳ್ಳುವ ಡವ್‌ಕಾಟ್ ತಂತ್ರಾಂಶ ಇದ್ದರೆ ಇದಕ್ಕೆ ಸೀವ್ ಸ್ಕ್ರಿಪ್ಟ್ (ಬಂದ ಪತ್ರವನ್ನು ಏನು ಮಾಡಬೇಕೆಂದು ಹೇಳುವ ನಿಯಮಗಳ ಫೈಲ್) ಸರಿಯಾದ ಜಾಗ. ಡವ್‌ಎಡಿಎಂ ಸೀವ್ ಕಮಾಂಡಿನಿಂದ ಯಾವ ಬಳಕೆದಾರರ ಸ್ಕ್ರಿಪ್ಟನ್ನಾದರೂ ನೋಡಬಹುದು, ಹಾಕಬಹುದು, ಸಕ್ರಿಯಗೊಳಿಸಬಹುದು.

ಸಕ್ರಿಯಗೊಳಿಸುವಾಗ ಎಚ್ಚರ. ಒಬ್ಬ ಬಳಕೆದಾರರಿಗೆ ಒಂದು ಹೊತ್ತಿನಲ್ಲಿ ಒಂದೇ ಸ್ಕ್ರಿಪ್ಟ್ ಸಕ್ರಿಯವಾಗಿರುತ್ತದೆ. ನೀವು ತಡೆ ಪಟ್ಟಿಯ ಸ್ಕ್ರಿಪ್ಟನ್ನು ಸಕ್ರಿಯಗೊಳಿಸಿದರೆ ಅವರು ವೆಬ್‌ಮೇಲ್‌ನಲ್ಲಿ ಮಾಡಿಕೊಂಡ ರಜೆಯ ಉತ್ತರ, ಫೋಲ್ಡರ್ ನಿಯಮ ಎಲ್ಲ ಸದ್ದಿಲ್ಲದೆ ನಿಂತುಹೋಗುತ್ತವೆ. ನಿರ್ವಾಹಕರ ನಿಯಮಗಳನ್ನು ‘ಸೀವ್ ಬಿಫೋರ್’ ಜಾಗದಲ್ಲಿ ಇಟ್ಟು ಸೀವ್‌ಸಿ ಕಮಾಂಡಿನಿಂದ ಕಂಪೈಲ್ ಮಾಡಿ. ಬಳಕೆದಾರರ ಸ್ಕ್ರಿಪ್ಟಿಗೆ ಕೈ ಹಚ್ಚಬೇಡಿ. ಸೀವ್‌ನಲ್ಲಿ ‘ರಿಜೆಕ್ಟ್’ ಕೂಡ ಬೇಡ. ಪತ್ರವನ್ನು ಸರ್ವರ್ ಆಗಲೇ ಒಪ್ಪಿಕೊಂಡಾಗಿರುತ್ತದೆ. ಈಗ ತಿರಸ್ಕಾರದ ಉತ್ತರ ಬರೆದರೆ ಅದು ಹೋಗುವುದು ಲಕೋಟೆಯಲ್ಲಿ ಯಾರ ಹೆಸರನ್ನು ಕದ್ದಿದ್ದರೋ ಆ ಅಮಾಯಕರಿಗೆ. ಜಂಕ್ ಫೋಲ್ಡರಿಗೆ ಹಾಕಿ ಬಿಡಿ.

ಈಗಾಗಲೇ ಬಂದು ಬಿದ್ದಿರುವ ಪತ್ರಗಳಿಗೂ ಹೊಸ ನಿಯಮ ಅನ್ವಯಿಸಬೇಕೆಂದರೆ ಸೀವ್ ಫಿಲ್ಟರ್ ಕಮಾಂಡ್ ಇದೆ. ಹೈಫನ್ ಇ ಕೊಡುವವರೆಗೆ ಅದು ಏನು ಮಾಡುತ್ತಿತ್ತು ಎಂದು ಹೇಳುತ್ತದೆಯೇ ಹೊರತು ಏನನ್ನೂ ಮಾಡುವುದಿಲ್ಲ. ಇಂಥ ಎಚ್ಚರಿಕೆಯ ವಿನ್ಯಾಸ ಎಲ್ಲ ಸಾಧನಗಳಲ್ಲೂ ಇರಬೇಕಿತ್ತು.

ಜಿಂಬ್ರಾ ಮೇಲ್ ಸರ್ವರ್ ಬಳಸುವವರಿಗೆ ಇಷ್ಟೆಲ್ಲ ಬೇಡ. ಜೆಡ್‌ಎಂಪ್ರಾವ್ ಕಮಾಂಡಿನಲ್ಲಿ ಪ್ರತಿ ಖಾತೆಗೂ ‘ಅಮಾವಿಸ್ ವೈಟ್‌ಲಿಸ್ಟ್ ಸೆಂಡರ್’, ‘ಅಮಾವಿಸ್ ಬ್ಲ್ಯಾಕ್‌ಲಿಸ್ಟ್ ಸೆಂಡರ್’ ಎಂಬ ಗುಣಗಳಿವೆ. ಗುಣದ ಹೆಸರಿನ ಮುಂದೆ ಪ್ಲಸ್ ಹಾಕಿದರೆ ಸೇರ್ಪಡೆ, ಮೈನಸ್ ಹಾಕಿದರೆ ತೆಗೆದುಹಾಕುವಿಕೆ, ಏನೂ ಹಾಕದಿದ್ದರೆ ಹಳೆಯದೆಲ್ಲ ಹೋಗಿ ಹೊಸದೊಂದೇ ಉಳಿಯುತ್ತದೆ.

ಎಕ್ಸ್‌ಚೇಂಜ್ ಆನ್‌ಲೈನ್: ಪವರ್‌ಶೆಲ್

ಸೇರಿಸುವುದೋ ಬದಲಿಸುವುದೋ ಎಂಬ ಇದೇ ಗೊಂದಲ ಮೈಕ್ರೋಸಾಫ್ಟ್‌ನ ಮೇಲ್ ಸೇವೆಯಾದ ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ, ಪವರ್‌ಶೆಲ್ ಎಂಬ ಅದರ ಟರ್ಮಿನಲ್ಲಿನಲ್ಲಿ, ಹೆಚ್ಚು ಹಾನಿ ಮಾಡುತ್ತದೆ, ಏಕೆಂದರೆ ಇಲ್ಲಿ ಒಂದೇ ಸಾಲಿನಿಂದ ಎಲ್ಲ ಖಾತೆಗಳನ್ನೂ ಮುಟ್ಟಬಹುದು. ‘ಸೆಟ್ ಮೇಲ್‌ಬಾಕ್ಸ್ ಜಂಕ್ ಇಮೇಲ್ ಕಾನ್ಫಿಗರೇಶನ್’ ಕಮಾಂಡಿಗೆ ನಂಬಿಕೆಯ ಅಥವಾ ತಡೆಯ ವಿಳಾಸವನ್ನು ನೇರವಾಗಿ ಕೊಟ್ಟರೆ ಬಳಕೆದಾರರು ವರ್ಷಗಳಿಂದ ಕೂಡಿಸಿದ ಪಟ್ಟಿ ಅಳಿದು ನೀವು ಕೊಟ್ಟದ್ದೊಂದೇ ಉಳಿಯುತ್ತದೆ. ಆಟ್ ಚಿಹ್ನೆ, ಪುಷ್ಪಾವರಣ, ಒಳಗೆ ‘ಆ್ಯಡ್’ ಎಂಬ ರೂಪದಲ್ಲಿ ಕೊಟ್ಟರೆ ಮಾತ್ರ ಸೇರ್ಪಡೆ, ತೆಗೆಯಲು ‘ರಿಮೂವ್’. ಎಲ್ಲಕ್ಕಿಂತ ಮೊದಲು ‘ಗೆಟ್’ ರೂಪದ ಕಮಾಂಡಿನಿಂದ ಎಲ್ಲರ ಈಗಿನ ಪಟ್ಟಿಯನ್ನು ಫೈಲಿಗೆ ಇಳಿಸಿಟ್ಟುಕೊಳ್ಳಿ.

ಇಡೀ ಸಂಸ್ಥೆಗೆ ತಡೆಯಲು ‘ನ್ಯೂ ಟೆನೆಂಟ್ ಅಲೋ ಬ್ಲಾಕ್ ಲಿಸ್ಟ್ ಐಟಮ್ಸ್’ ಇದೆ. ಅವಧಿ ಹೇಳದಿದ್ದರೆ ತಡೆ 30 ದಿನಕ್ಕೆ ತಾನಾಗಿ ಮುಗಿಯುತ್ತದೆ. ಕಾಯಂ ಬೇಕಾದರೆ ‘ನೋ ಎಕ್ಸ್‌ಪಿರೇಶನ್’ ಎಂದು ಬರೆಯಬೇಕು. ಇದರಲ್ಲಿ ತಡೆದರೆ ಒಳಬರುವ ಪತ್ರ ಮಾತ್ರವಲ್ಲ, ನಿಮ್ಮವರು ಆ ವಿಳಾಸಕ್ಕೆ ಕಳುಹಿಸುವ ಪತ್ರವೂ ನಿಲ್ಲುತ್ತದೆ, ವಾಪಸ್ ಸಂದೇಶ ಬರುತ್ತದೆ. ಬಾಕಿ ವಸೂಲಿಗೆ ಕಿರುಕುಳ ಕೊಡುವ ಮಾರಾಟಗಾರರನ್ನು ತಡೆದ ಮೇಲೆ ಅವರಿಗೆ ಉತ್ತರ ಬರೆಯಲೂ ಆಗುವುದಿಲ್ಲ ಎಂಬುದನ್ನು ಕೇಳಿದವರಿಗೆ ಮೊದಲೇ ತಿಳಿಸಿ.

ಒಪ್ಪಿಗೆಯ ವಿಷಯದಲ್ಲಿ ಇಲ್ಲಿ ಒಂದು ನೆಮ್ಮದಿ ಇದೆ. ಬಳಕೆದಾರರ ನಂಬಿಕೆಯ ಪಟ್ಟಿಯಲ್ಲಿ ಯಾರೇ ಇರಲಿ, ಮಾಲ್‌ವೇರ್ ಮತ್ತು ಖಚಿತ ಫಿಶಿಂಗ್ ಎಂದು ಗುರುತಾದ ಪತ್ರವನ್ನು ಮೈಕ್ರೋಸಾಫ್ಟ್ ಬಿಡುವುದಿಲ್ಲ. ಸ್ಪ್ಯಾಮ್ ನೀತಿಯೊಳಗಿನ ‘ಅಲೋಡ್ ಸೆಂಡರ್ ಡೊಮೇನ್ಸ್’ ಮಾತ್ರ ಬೇಡ. ದೊಡ್ಡ ಸಾರ್ವಜನಿಕ ಡೊಮೇನನ್ನೋ ಸ್ವಂತ ಡೊಮೇನನ್ನೋ ಅಲ್ಲಿ ಹಾಕುವುದನ್ನು ಮೈಕ್ರೋಸಾಫ್ಟ್ ತಾನೇ ಬೇಡವೆನ್ನುತ್ತದೆ.

ಜಿಮೇಲ್

ಜಿಮೇಲ್‌ನ ‘ಬ್ಲಾಕ್’ ಗುಂಡಿಯ ಪಟ್ಟಿ ಎಪಿಐಗೆ (ಪ್ರೋಗ್ರಾಮುಗಳು ಒಳಹೊಕ್ಕು ಕೆಲಸ ಮಾಡುವ ದಾರಿಗೆ) ಸಿಗುವುದಿಲ್ಲ, ಫಿಲ್ಟರುಗಳು ಸಿಗುತ್ತವೆ. ಟರ್ಮಿನಲ್ ಸಾಧನಗಳಲ್ಲಿ ಸಂಸ್ಥೆಯ ಖಾತೆಗಳಿಗೆ ಗ್ಯಾಮ್, ಸ್ವಂತ ಖಾತೆಗೆ ಜಿಮೇಲ್‌ಸಿಟಿಎಲ್ ಒಳ್ಳೆಯವು. ಎರಡನೆಯದರಲ್ಲಿ ಎಲ್ಲ ಫಿಲ್ಟರುಗಳೂ ಒಂದು ಫೈಲಿನಲ್ಲಿ ಇರುತ್ತವೆ, ‘ಡಿಫ್’ ಕೊಟ್ಟರೆ ಏನು ಬದಲಾಗಲಿದೆ ಎಂದು ತೋರಿಸುತ್ತದೆ, ‘ಅಪ್ಲೈ’ ಕೊಟ್ಟರೆ ಜಾರಿಗೆ ತರುತ್ತದೆ. ಫೈಲಿನಲ್ಲಿ ಇಲ್ಲದ ಫಿಲ್ಟರುಗಳನ್ನು ಅದು ಅಳಿಸುವುದರಿಂದ ಮೊದಲು ‘ಡೌನ್‌ಲೋಡ್’ ಮಾಡಿಕೊಳ್ಳಿ. ಫಿಲ್ಟರಿನಿಂದ ಪತ್ರವನ್ನು ಸ್ಪ್ಯಾಮ್‌ಗೆ ತಳ್ಳಲು ಜಿಮೇಲ್ ಬಿಡುವುದಿಲ್ಲ, ಟ್ರ್ಯಾಶ್‌ಗೆ ಹಾಕಬಹುದು. ಅಲ್ಲಿ 30 ದಿನ ಇರುತ್ತದೆ. ‘ಎಂದೂ ಸ್ಪ್ಯಾಮ್ ಅಲ್ಲ’ ಎನ್ನುವುದಕ್ಕೆ ಅವಕಾಶ ಇದೆ, ಆದರೆ ಹೆಸರಿನ ಸಾಚಾತನವನ್ನು ಫಿಲ್ಟರ್ ಕೇಳುವುದಿಲ್ಲವಾದ್ದರಿಂದ ಡೊಮೇನಿಗಲ್ಲದೆ ಪೂರ್ಣ ವಿಳಾಸಕ್ಕೆ ಮಾತ್ರ, ಅದೂ ನಿಜಕ್ಕೂ ಬೇಕಾದಾಗ ಮಾತ್ರ ಬಳಸಿ.

ಪಟ್ಟಿಯ ದಾಖಲೆ

ಯಾವ ಸಾಧನವೇ ಆಗಲಿ, ಪಟ್ಟಿಯ ಫೈಲುಗಳನ್ನು, ಬದಲಾವಣೆಗಳ ಇತಿಹಾಸ ಉಳಿಸುವ ಗಿಟ್‌ನಲ್ಲಿ ಇಡಿ, ಪ್ರತಿ ಸಾಲಿಗೂ ಕಾರಣ ಮತ್ತು ದಿನಾಂಕ ಬರೆಯಿರಿ. ಸ್ಪ್ಯಾಮ್‌ಅಸಾಸಿನ್‌ನಲ್ಲಿ ಸಾಲಿನ ಕೊನೆಗೆ ಹ್ಯಾಶ್ ಹಾಕಿ ಟಿಪ್ಪಣಿ ಬರೆಯಬಹುದು. ಪೋಸ್ಟ್‌ಫಿಕ್ಸ್‌ನಲ್ಲಿ ಹಾಗೆ ಮಾಡಬೇಡಿ. ಅಲ್ಲಿ ಟಿಪ್ಪಣಿಗೆ ಪ್ರತ್ಯೇಕ ಸಾಲೇ ಬೇಕು; ‘ರಿಜೆಕ್ಟ್’ ನಂತರ ಬರೆದದ್ದೆಲ್ಲ ತಿರಸ್ಕಾರದ ಸಂದೇಶವಾಗಿ ಆಚೆಯವರಿಗೆ ಹೋಗುತ್ತದೆ. ‘ಉಪಪ್ರಾಂಶುಪಾಲರು ತಡೆಯಲು ಹೇಳಿದರು’ ಎಂಬ ನಿಮ್ಮ ಒಳಟಿಪ್ಪಣಿ ತಡೆಯಲ್ಪಟ್ಟವರ ಕೈಯಲ್ಲೇ ಇರುತ್ತದೆ.

ಒಪ್ಪಿಗೆ ಪಟ್ಟಿಯಲ್ಲಿ ದಿನಾಂಕಕ್ಕೆ ಇನ್ನೊಂದು ಉಪಯೋಗ ಇದೆ. ಮುಚ್ಚಿಹೋದ ಸಂಸ್ಥೆಯ ಡೊಮೇನು ನವೀಕರಣವಾಗದೆ ಬಿಟ್ಟುಹೋದರೆ ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ಕೊಂಡವರು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಲ್ಲವನ್ನೂ ಸರಿಯಾಗಿ ಹೊಂದಿಸಿಕೊಂಡೇ ಬರೆಯುತ್ತಾರೆ; ಮೇಲೆ ಹೇಳಿದ ಯಾವ ಪರೀಕ್ಷೆಯೂ ಅವರನ್ನು ಹಿಡಿಯುವುದಿಲ್ಲ. ಆರು ತಿಂಗಳಿಗೊಮ್ಮೆಯಾದರೂ ಪಟ್ಟಿಯ ಪ್ರತಿ ಡೊಮೇನನ್ನೂ, ಡೊಮೇನುಗಳ ನೋಂದಣಿ ವಿವರ ತೋರಿಸುವ ಹೂಈಸ್ ಕಮಾಂಡಿಗೆ ಕೊಟ್ಟು ನೋಂದಣಿಯ ದಿನಾಂಕ ನೋಡಿ. ನೀವು ಸೇರಿಸಿದ ದಿನಾಂಕಕ್ಕಿಂತ ಅದು ಈಚಿನದಾಗಿದ್ದರೆ ಆ ಸಾಲನ್ನು ಅಳಿಸಿ.